ಬೋಧಕನಾಗಲು ಹೊರಟ ಚಿತ್ರಕಾರ

ವಿನ್ಸೆಂಟ್ ವ್ಯಾನ್ ಗೋ ಎಂದರೆ ಮಕ್ಕಳಿಗೆ ಸೂರ್ಯಕಾಂತಿ ಹೂಗಳು, ಕಿವಿ ಕೊಯ್ದುಕೊಂಡ ಕಥೆ ಇಷ್ಟೇ ಗೊತ್ತು. ಅದಕ್ಕೂ ಹಿಂದಿನದನ್ನು ಹೇಳಿಕೊಡಬೇಕು.

ಅವರು 1853ರಲ್ಲಿ ನೆದರ್ಲೆಂಡ್ಸ್‌ನ ಜುಂಡರ್ಟ್ ಎಂಬ ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದರು. ತಂದೆಯಂತೆ ಧರ್ಮಬೋಧಕರಾಗಬೇಕೆಂದು ಬೆಲ್ಜಿಯಂನ ಬೊರಿನಾಜ್ ಕಲ್ಲಿದ್ದಲು ಗಣಿಗಳ ಸೀಮೆಗೆ ಹೋದರು. ಯೇಸುವಿನ ಬೋಧನೆಯನ್ನು ಅಕ್ಷರಶಃ ಪಾಲಿಸಿ, ಬಟ್ಟೆಬರೆಯನ್ನು ಕಾರ್ಮಿಕರಿಗೆ ಹಂಚಿದರು. ಹುಲ್ಲಿನ ಮೇಲೆ ಮಲಗಿದರು. ರೋಗಿಗಳ ಆರೈಕೆ ಮಾಡಿದರು. ಧರ್ಮಸಭೆಯ ಹಿರಿಯರಿಗೆ ಇದು ಅತಿಯೆನಿಸಿತು, ಮಾತುಗಾರಿಕೆಯೂ ಸಾಲದೆನಿಸಿತು. 1879ರಲ್ಲಿ ಕೆಲಸ ಹೋಯಿತು.

ಮರುವರ್ಷ, 27ರ ವಯಸ್ಸಿನಲ್ಲಿ, ಚಿತ್ರಕಲೆಗೆ ತಿರುಗಿದರು. ಕೆಲಸ ಹೋದರೂ ಕರುಣೆ ಹೋಗಿರಲಿಲ್ಲ. 1885ರ 'ಆಲೂಗಡ್ಡೆ ತಿನ್ನುವವರು' ಚಿತ್ರದಲ್ಲಿ ಒಂದೇ ದೀಪದಡಿ ಐವರು ರೈತರು. ಮಣ್ಣು ಅಗೆದ ಕೈಗಳೇ ತಟ್ಟೆಗೆ ಚಾಚಿವೆ. 1890ರಲ್ಲಿ, ತಾವೇ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, ದೆಲಕ್ರುವಾ ಅವರ ಚಿತ್ರವನ್ನು ಆಧರಿಸಿ ಬೈಬಲಿನ 'ಒಳ್ಳೆಯ ಸಮಾರ್ಯ'ನನ್ನು ಬರೆದರು. ಗಾಯಾಳುವನ್ನು ಒಬ್ಬ ಮೈಯೊಡ್ಡಿ ಎತ್ತುತ್ತಿದ್ದಾನೆ. ನೋಡಿಯೂ ನಿಲ್ಲದವರು ದಾರಿಯಲ್ಲಿ ದೂರ ಸಾಗುತ್ತಿದ್ದಾರೆ. ಅದೇ ಜುಲೈನಲ್ಲಿ, 37ರಲ್ಲಿ, ತೀರಿಕೊಂಡರು.

ಶಿಕ್ಷಕರು ಈ ಚಿತ್ರ ತೋರಿಸಿ, ಇವರಲ್ಲಿ ನೀನು ಯಾರಾಗುತ್ತೀಯ ಎಂದು ಕೇಳಲಿ. ಯಾವ ಧರ್ಮದ ಮಗುವಾದರೂ ಉತ್ತರ ಹುಡುಕಬಲ್ಲದು. ಒಂದು ಕೆಲಸದಲ್ಲಿ ಸೋತವನ ಬದುಕು ಅಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನೂ ಕಲಿಯುತ್ತದೆ.