ಎರಡು ಕುಲಗಳ ಮಗ: ಸಂತ ಮಾರ್ಟಿನ್ ದೆ ಪೋರ್ರೆಸ್

ನವೆಂಬರ್ 3ರಂದು ಧರ್ಮಸಭೆ ಸ್ಮರಿಸುವ ಸಂತ ಮಾರ್ಟಿನ್ ದೆ ಪೋರ್ರೆಸರನ್ನು ನಾವು ಪೊರಕೆ ಹಿಡಿದ ಸಂತರೆಂದೇ ಬಲ್ಲೆವು. ಆ ಪೊರಕೆ ಅವರ ಕೈಗೆ ಬಂದುದು ಹೇಗೆಂಬುದನ್ನು ಅರಿಯದೆ ಅವರ ವಿನಯವನ್ನು ಹೊಗಳುವುದು ಸಲ್ಲದು.

ಮಾರ್ಟಿನರು ಜನಿಸಿದ್ದು 1579ರಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಪೆರುವಿನ ಲೀಮಾ ನಗರದಲ್ಲಿ. ತಂದೆ ಸ್ಪೇನಿನ ಕುಲೀನರು. ತಾಯಿ ಆನಾ ವೆಲಾಸ್ಕೆಸ್ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕನ್ ಮೂಲದ ಮಹಿಳೆ. ಅವರಿಬ್ಬರಿಗೆ ವಿವಾಹವಾಗಿರಲಿಲ್ಲ. ಮಗು ತಾಯಿಯ ಬಣ್ಣ ಪಡೆದಿತ್ತು. ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆ ಅಜ್ಞಾತನೆಂದು ಬರೆಯಲಾಯಿತು. ಮುಂದೆ ತಂದೆ ಮಾರ್ಟಿನರನ್ನೂ ತಂಗಿ ಹುವಾನಾಳನ್ನೂ ತಮ್ಮ ಮಕ್ಕಳೆಂದು ಒಪ್ಪಿಕೊಂಡರು. ಆದರೂ ಸಮಾಜ ಅವರನ್ನು ಕರೆದುದು 'ಮುಲಾಟೊ' ಎಂಬ ಬೆರಕೆಯ ಹೆಸರಿನಿಂದಲೇ.

ಹನ್ನೆರಡರ ಪ್ರಾಯದಲ್ಲಿ ಮಾರ್ಟಿನರು ಕ್ಷೌರಿಕನೊಬ್ಬನ ಬಳಿ ಕಸುಬು ಕಲಿತರು. ಅಂದು ಗಾಯಕ್ಕೆ ಕಟ್ಟು ಹಾಕುವವನೂ ಮದ್ದು ಕೊಡುವವನೂ ಕ್ಷೌರಿಕನೇ. ಕೆಲ ವರ್ಷಗಳ ಬಳಿಕ ಅವರು ದೊಮಿನಿಕನ್ನರ ಮಠವನ್ನು ಸೇರಿದರು. ಆಫ್ರಿಕನ್ನರ ಮತ್ತು ಮೂಲನಿವಾಸಿಗಳ ಸಂತತಿಗೆ ಅಲ್ಲಿ ಪೂರ್ಣ ಸದಸ್ಯತ್ವ ನಿಷಿದ್ಧವಾಗಿತ್ತು. ಸೇವಕರಾಗಿ ಮಾತ್ರ ಪ್ರವೇಶ ದೊರೆಯಿತು. ಪೊರಕೆ ಕೈಗೆ ಬಂದುದು ಹೀಗೆ. 1603ರಲ್ಲಿ, ಆ ನಿಯಮವನ್ನು ಬದಿಗಿಟ್ಟು, ಅವರಿಗೆ ಸಹೋದರರಾಗಿ ವ್ರತ ಸ್ವೀಕರಿಸಲು ಅವಕಾಶ ನೀಡಲಾಯಿತು.

ಮಠವು ಸಾಲದಲ್ಲಿ ಮುಳುಗಿದಾಗ ತಮ್ಮನ್ನೇ ಮಾರಿ ಋಣ ತೀರಿಸಿರೆಂದು ಅವರು ಬೇಡಿಕೊಂಡರೆಂಬ ಕಥೆಯಿದೆ. ತಾಯಿ ಗುಲಾಮಗಿರಿಯನ್ನು ಉಂಡವಳು; ಮಗನಿಗೆ ಆ ಮಾತಿನ ಭಾರ ತಿಳಿಯದೆ ಇರಲಿಲ್ಲ. ಸಂತರು ಸಹಿಸಿದರೆಂಬ ಕಾರಣಕ್ಕೆ ಅನ್ಯಾಯವು ನ್ಯಾಯವಾಗದೆಂಬುದನ್ನು ನಾವು ಮರೆಯಬಾರದು.

ತತ್ತ್ವಶಾಸ್ತ್ರದ ದೃಷ್ಟಿಯಲ್ಲಿ ವರ್ಣವು ಆಗಂತುಕ ಗುಣ, ವ್ಯಕ್ತಿಯೇ ಮೂಲ. ಬದುಕಿನಲ್ಲಾದರೋ ಆ ಆಗಂತುಕವೇ ಬಾಗಿಲು ಮುಚ್ಚುತ್ತದೆ. ಮಾರ್ಟಿನರು ತಂದೆಯ ಹೆಸರಿನ ಆಸರೆ ಹುಡುಕಲಿಲ್ಲ, ತಾಯಿಯ ಬಣ್ಣವನ್ನು ಮರೆಮಾಚಲಿಲ್ಲ. ಒಂದೇ ಕೈಯಿಂದ ಸ್ಪೇನಿನ ಸಿರಿವಂತರಿಗೂ ಆಫ್ರಿಕದಿಂದ ತಂದ ಗುಲಾಮರಿಗೂ ಶುಶ್ರೂಷೆ ಮಾಡಿದರು. ಅನಾಥ ಮಕ್ಕಳಿಗೆ ನೆಲೆ ಕಲ್ಪಿಸಿದರು. ತಾನು ಯಾರವನೆಂಬ ಪ್ರಶ್ನೆಗೆ ಅವರು ರಕ್ತದಲ್ಲಿ ಉತ್ತರ ಹುಡುಕದೆ ಎಲ್ಲರವನಾಗಿ ಬಾಳಿದರು.

1639ರಲ್ಲಿ ಅವರು ದೈವಾಧೀನರಾದರು. 1962ರಲ್ಲಿ ಜಗದ್ಗುರು 23ನೆಯ ಜಾನ್ ಅವರಿಗೆ ಸಂತ ಪದವಿ ನೀಡಿದರು. ಬೆರೆತ ಕುಲದವರ ಪಾಲಕ ಸಂತರೆಂದು ಇಂದು ಅವರನ್ನು ಗೌರವಿಸುತ್ತೇವೆ.

ನಮ್ಮ ಕುಟುಂಬಗಳಲ್ಲಿಯೂ ಎರಡು ಭಾಷೆ, ಎರಡು ಕುಲಗಳು ಸೇರಿದ ಮನೆಗಳಿವೆ. ಅಲ್ಲಿಯ ಮಗುವನ್ನು ನೀನು ಯಾರ ಕಡೆಯವನೆಂದು ನಾವು ನಗುತ್ತಲೇ ಕೇಳುತ್ತೇವೆ. ಮಗು ಯಾರನ್ನು ಹೆಸರಿಸಿದರೂ ಇನ್ನೊಬ್ಬರನ್ನು ಬಿಟ್ಟುಕೊಟ್ಟಂತಾಗುತ್ತದೆ. ಆ ಪ್ರಶ್ನೆಯನ್ನು ನಾವು ಕೇಳದಿರೋಣ.