ಮೋರ್ಯರ ಮನೆಗಳ ಚಿತ್ರಕಾರ: ಕರ್ನಲ್ ಮೆಡೋಸ್ ಟೇಲರ್

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆ ಸಾಗುತ್ತದೆ. ಕರಾವಳಿಯ ಹಸಿರು ಕಂಡ ನಮ್ಮ ಕಣ್ಣಿಗೆ ಅಲ್ಲಿ ಕಲ್ಲುಗುಡ್ಡಗಳ ಹೊರತು ನೋಡಲು ಏನೂ ಇಲ್ಲವೆನಿಸಬಹುದು. ಆದರೆ ಈ ಸೀಮೆಯ ಕಲ್ಲುಗಳನ್ನೇ ಪ್ರೀತಿಯಿಂದ ಚಿತ್ರಿಸಿದ ಒಬ್ಬ ಆಂಗ್ಲ ಅಧಿಕಾರಿ ಇದ್ದರು. ಅವರೇ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್.

1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಟೇಲರ್, 15ನೇ ವಯಸ್ಸಿನಲ್ಲಿ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದರು. ಅದು ಕೈಹಿಡಿಯದೆ ಹೈದರಾಬಾದ್ ನಿಜಾಮರ ಸೇನೆ ಸೇರಿದರು. ಠಗ್ಗರನ್ನು ಕುರಿತ 1839ರ ಕಾದಂಬರಿ ಅವರಿಗೆ ಹೆಸರು ತಂದಿತು. 1841ರಲ್ಲಿ ಲಿಂಗಸುಗೂರಿನಿಂದ ಕೃಷ್ಣೆಯ ಆಚೆಗಿರುವ ಸುರಪುರ ಸಂಸ್ಥಾನದ ಹೊಣೆ ಅವರ ಹೆಗಲಿಗೆ ಬಿತ್ತು.

ಬಿಡುವಿದ್ದಾಗಲೆಲ್ಲ ಅವರ ಕೈಯಲ್ಲಿ ಚಿತ್ರದ ಹಲಗೆ. ರಾಜನಕೋಳೂರಿನಲ್ಲಿ ನಾಲ್ಕು ಬಂಡೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುರಾತನ ಕಲ್ಮನೆಗಳಿವೆ. ಇವು ಮೋರ್ಯರೆಂಬ ಕುಳ್ಳರ ಮನೆಗಳೆಂದು ಜನ ಹೇಳುತ್ತಾರೆ. ಟೇಲರ್ ಅವನ್ನು ಅಳೆದರು, ಬಿಡಿಸಿದರು. ಯುರೋಪಿನ ಕಲ್ಗೋರಿಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಐರ್ಲೆಂಡಿನ ವಿದ್ವಾಂಸರ ಮುಂದಿಟ್ಟರು. ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಇವರ ಕಾಲದಲ್ಲಿ ಅದು ಗುಹೆಯ ಬಂಡೆಯ ಮೇಲೆ ಸುಮ್ಮನೆ ಕುಳಿತಿತ್ತು!

ಛಾಯಾಚಿತ್ರಣ ಇನ್ನೂ ಎಳೆಯದಾಗಿದ್ದಾಗ ಪಿಗೋ, ನೀಲ್, ಬಿಗ್ಸ್ ಎಂಬ ಮೂವರು ಧಾರವಾಡ, ಮೈಸೂರು ಸೀಮೆಯ ದೇಗುಲಗಳ ಫೋಟೋ ತೆಗೆದಿದ್ದರು. 1866ರಲ್ಲಿ ಅವು ಲಂಡನ್ನಿನಲ್ಲಿ ಭಾರೀ ಗ್ರಂಥವಾಗಿ ಬಂದಾಗ ಅದಕ್ಕೆ ಚರಿತ್ರೆ ಬರೆದುಕೊಟ್ಟವರು ಟೇಲರ್.

ಅವರ ಬಾಳಿನ ದೊಡ್ಡ ನೋವು ಸುರಪುರದ್ದೇ. ಬಾಲಕ ರಾಜ ವೆಂಕಟಪ್ಪ ನಾಯಕರನ್ನು ಅವರು ಕಣ್ಣೆದುರೇ ಬೆಳೆಸಿದ್ದರು. ಹುಡುಗ ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದ. ಆತ 24ನೇ ವರ್ಷ ದಾಟಲಾರನೆಂಬ ಜಾತಕದ ಮಾತೂ ಟೇಲರ್ ಕಿವಿಗೆ ಬಿದ್ದಿತ್ತು. 1853ರಲ್ಲಿ ರಾಜ್ಯವನ್ನು ಅವನಿಗೊಪ್ಪಿಸಿ ಹೊರಟರು. 1858ರಲ್ಲಿ ರಾಜ ಬ್ರಿಟಿಷರ ವಿರುದ್ಧ ಎದ್ದರು. ಲಿಂಗಸುಗೂರಿನ ದಂಡು ಸುರಪುರದ ಮೇಲೆ ಹೋಯಿತು. ಸೆರೆಸಿಕ್ಕ ರಾಜನಿಗೆ ಶಿಕ್ಷೆ ಕೆಲವೇ ವರ್ಷಗಳ ಸೆರೆಗೆ ಇಳಿಯಿತು. ಆದರೆ ಮದ್ರಾಸಿನ ಕಡೆ ಒಯ್ಯುವಾಗ ದಾರಿಯಲ್ಲೇ ಅಧಿಕಾರಿಯೊಬ್ಬರ ಪಿಸ್ತೂಲಿನ ಗುಂಡಿಗೆ ಸತ್ತರು. ಆ ಸಾವಿನ ಬಗ್ಗೆ ಇಂದಿಗೂ ಬೇರೆ ಬೇರೆ ಮಾತುಗಳಿವೆ. ಜಾತಕವನ್ನು ನಂಬುವವರು ನಾವಲ್ಲ, ಆದರೂ ಟೇಲರ್ ಆ ಮಾತನ್ನು ಮರೆಯದೆ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟರು. ಮಗನಂತಿದ್ದವನ ರಾಜ್ಯವನ್ನು ಮತ್ತೆ ನೋಡಿಕೊಳ್ಳಲು ಸರಕಾರ ಕಳಿಸಿದ್ದು ಅವರನ್ನೇ.

ಅಷ್ಟೊಂದು ನೋಡಿದ ಕಣ್ಣುಗಳು ಕೊನೆಗಾಲದಲ್ಲಿ ಕುರುಡಾದವು. 1875ರಲ್ಲಿ ಅದೇ ಸ್ಥಿತಿಯಲ್ಲಿ ಭಾರತಕ್ಕೆ ಬಂದು, ಊರಿಗೆ ಮರಳುವಾಗ 1876ರ ಮೇ 13ರಂದು ಫ್ರಾನ್ಸಿನ ಮಾಂತೋನಿನಲ್ಲಿ ನಿಧನರಾದರು.

ನಮ್ಮವರಿಗೆ ಇನ್ನೊಂದು ಸಂಗತಿ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಬಿಜಾಪುರ ಸುಲ್ತಾನರ ಕಾಲದಿಂದಲೂ ಕಥೋಲಿಕರಿದ್ದಾರೆ. ಟೇಲರ್ ಸತ್ತ ಎರಡು ವರ್ಷಕ್ಕೆ ಹೊರಬಂದ ಚಾಂದ್‌ಬೀಬಿಯ ಕಾದಂಬರಿಯಲ್ಲಿ ಆ ಪುಟ್ಟ ಸಭೆಯೂ ಅದರ ಪೋರ್ಚುಗೀಸ್ ಗುರುವೂ ಬರುತ್ತಾರೆ.