ನಗೆಯ ಚಿತ್ರಕಾರ ವಿಲ್ಹೆಲ್ಮ್ ಬುಷ್

ಜರ್ಮನಿಯ ಹ್ಯಾನೋವರ್ ನಗರದ ವಿಶಾಲವಾದ ಉದ್ಯಾನವೊಂದರಲ್ಲಿ ಹಳೆಯ ಅರಮನೆಯೊಂದಿದೆ. ವ್ಯಂಗ್ಯಚಿತ್ರ ಹಾಗೂ ರೇಖಾಕಲೆಗೆ ಮೀಸಲಾದ ವಸ್ತುಸಂಗ್ರಹಾಲಯ ಅದರಲ್ಲಿ ನೆಲೆಸಿದೆ. ಇಂಗ್ಲೆಂಡಿನ ಹೋಗಾರ್ತ್, ಫ್ರಾನ್ಸಿನ ದೊಮಿಯೆ ಮೊದಲಾದ ಹಿರಿಯರ ಕೃತಿಗಳು ಅಲ್ಲಿವೆ. ಆದರೆ ಸಂಗ್ರಹಾಲಯ ಹೊತ್ತಿರುವ ಹೆಸರು ವಿಲ್ಹೆಲ್ಮ್ ಬುಷ್‌ನದು. ನಗೆಯ ಚಿತ್ರಗಳಿಂದ ನಾಡಿಗೆಲ್ಲ ಪರಿಚಿತನಾದ ಈತ ಜೀವನವಿಡೀ ಹಂಬಲಿಸಿದ್ದು ಬೇರೆಯೇ ಒಂದು ಕಲೆಗಾಗಿ ಎಂಬುದನ್ನು ನೆನೆದಾಗ ಆ ಹೆಸರಿಗೆ ಹೊಸದೊಂದು ಅರ್ಥ ಬರುತ್ತದೆ.

ಬುಷ್ ಹುಟ್ಟಿದ್ದು 1832ರ ಏಪ್ರಿಲ್ 15ರಂದು, ಹ್ಯಾನೋವರ್ ಸೀಮೆಯ ವೀಡೆನ್‌ಸಾಲ್ ಎಂಬ ಹಳ್ಳಿಯಲ್ಲಿ. ತಂದೆ ಕಿರಾಣಿ ಅಂಗಡಿಯ ವ್ಯಾಪಾರಿ. ಏಳು ಮಕ್ಕಳಲ್ಲಿ ಈತನೇ ಹಿರಿಯ. ಮನೆ ಕಿರಿದಾಯಿತು, ಊರಿನ ಶಾಲೆಯೂ ಸಾಲದಾಯಿತು; ಒಂಬತ್ತರ ಹರೆಯದ ಹುಡುಗನನ್ನು ಎಬರ್‌ಗೊಟ್ಸೆನ್ ಎಂಬಲ್ಲಿ ಪಾದ್ರಿಯಾಗಿದ್ದ ಸೋದರಮಾವನ ಮನೆಗೆ ಕಳುಹಿಸಿದರು. ಮೂರು ವರ್ಷಗಳ ಮೇಲೆ ಊರಿಗೆ ಬಂದಾಗ ಹೆತ್ತ ತಾಯಿಗೇ ಮಗನ ಗುರುತು ಸಿಗಲಿಲ್ಲವಂತೆ. ಮಾವನ ಊರಿನಲ್ಲಿ ಗಿರಣಿಯವನ ಮಗ ಎರಿಕ್ ಬಾಖ್‌ಮನ್ ಈತನ ಗೆಳೆಯನಾದ. ಇಬ್ಬರೂ ಕೂಡಿ ಆಡಿದ ಆಟ, ಮಾಡಿದ ತುಂಟತನ ಮುಂದೆ ಒಂದು ಪುಸ್ತಕಕ್ಕೆ ಬೀಜವಾಯಿತು. ಆ ಸ್ನೇಹವೂ ಮುಪ್ಪಿನವರೆಗೆ ಬಾಡಲಿಲ್ಲ.

ಮಗ ಯಂತ್ರಶಿಲ್ಪಿಯಾಗಬೇಕೆಂಬುದು ತಂದೆಯ ಆಸೆ. 1847ರಲ್ಲಿ ಹ್ಯಾನೋವರಿನ ತಾಂತ್ರಿಕ ಶಾಲೆಗೆ ಸೇರಿಸಿದರು. ನಾಲ್ಕು ವರ್ಷ ಅಲ್ಲಿ ಕಲಿತ ಬುಷ್, ತಂದೆಯ ಅಸಮಾಧಾನವನ್ನೂ ಲೆಕ್ಕಿಸದೆ ಚಿತ್ರಕಲೆಯನ್ನು ಅರಸಿ ಡ್ಯುಸೆಲ್‌ಡಾರ್ಫಿಗೆ, ಅಲ್ಲಿಂದ 1852ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರಕ್ಕೆ ಹೋದ. ಅಲ್ಲಿ ರೂಬೆನ್ಸ್, ಬ್ರೌವರ್, ಟೆನಿಯರ್ಸ್ ಮೊದಲಾದವರ ವರ್ಣಚಿತ್ರಗಳನ್ನು ಕಣ್ಣಾರೆ ಕಂಡ. ಆ ದರ್ಶನ ಆತನ ಕಲಾಪ್ರೇಮವನ್ನು ಹೆಚ್ಚಿಸಿತು. ಆದರೆ ತನ್ನ ಕೈಯ ಮೇಲಿದ್ದ ಭರವಸೆಯನ್ನು ಕಸಿದುಕೊಂಡಿತು. ಆ ಮಹಾಚಿತ್ರಕಾರರ ಎತ್ತರಕ್ಕೆ ತಾನು ಏರಲಾರೆನೆಂಬ ಅಳುಕು ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಮರುವರ್ಷ ವಿಷಮಜ್ವರಕ್ಕೆ ತುತ್ತಾಗಿ, ಬರಿಗೈಯಲ್ಲಿ ಊರಿಗೆ ಮರಳಿ, ಹಳ್ಳಿಗರ ಬಾಯಲ್ಲಿದ್ದ ಕಥೆಗಳನ್ನೂ ಹಾಡುಗಳನ್ನೂ ಸಂಗ್ರಹಿಸತೊಡಗಿದ.

1854ರಲ್ಲಿ ಮ್ಯೂನಿಕ್ ಸೇರಿದ ಬುಷ್‌ಗೆ ಅಲ್ಲಿಯ ಕಲಾಶಾಲೆಯೂ ಒಗ್ಗಲಿಲ್ಲ. ಒಂದು ಹೊತ್ತಿನಲ್ಲಿ ಬ್ರೆಜಿಲ್ ದೇಶಕ್ಕೆ ಹೋಗಿ ಜೇನು ಸಾಕೋಣವೆಂದೂ ಯೋಚಿಸಿದ್ದುಂಟು. 1859ರಲ್ಲಿ ಪ್ರಕಾಶಕ ಕಾಸ್ಪರ್ ಬ್ರೌನ್ ತನ್ನ ವಿನೋದಪತ್ರಿಕೆಗೆ ಚಿತ್ರ ಬರೆಯಲು ಕರೆದ. ಹೊಟ್ಟೆಪಾಡಿಗೆಂದು ಹಿಡಿದ ಈ ಕೆಲಸದಲ್ಲೇ ಆತನ ಪ್ರತಿಭೆ ತನ್ನ ದಾರಿಯನ್ನು ಕಂಡುಕೊಂಡಿತು. ನಾಲ್ಕು ಗೆರೆಗಳಲ್ಲಿ ಒಬ್ಬ ಮನುಷ್ಯ, ಒಂದು ಓಟ, ಒಂದು ಬೀಳು ಮೂಡಿ ನಿಲ್ಲುತ್ತಿದ್ದವು. ಕೆಳಗಿನ ಪ್ರಾಸಬದ್ಧ ಸಾಲುಗಳನ್ನೂ ತಾನೇ ರಚಿಸುತ್ತಿದ್ದ.

1865ರಲ್ಲಿ ‘ಮಾಕ್ಸ್ ಮತ್ತು ಮೋರಿಟ್ಸ್’ ಹೊರಬಂತು. ಇಬ್ಬರು ಪೋಕರಿ ಹುಡುಗರ ಏಳು ಕಿತಾಪತಿಗಳ ಕಥೆ ಅದು. ವಿಧವೆಯೊಬ್ಬಳ ಕೋಳಿಗಳನ್ನು ಕದಿಯುತ್ತಾರೆ, ಉಪಾಧ್ಯಾಯರ ಹೊಗೆಕೊಳವೆಗೆ ಮದ್ದಿನಪುಡಿ ತುಂಬುತ್ತಾರೆ, ಕೊನೆಗೆ ಗಿರಣಿಯಲ್ಲಿ ಕಾಳಾಗಿ ಅರೆಯಲ್ಪಟ್ಟು ಬಾತುಕೋಳಿಗಳ ಪಾಲಾಗುತ್ತಾರೆ. ಡ್ರೆಸ್ಡೆನ್ನಿನ ಪ್ರಕಾಶಕನೊಬ್ಬ ಬೇಡವೆಂದ ಈ ಹಸ್ತಪ್ರತಿಯನ್ನು ಬುಷ್ ಸಾವಿರ ಗುಲ್ಡನ್ನುಗಳಿಗೆ ಬ್ರೌನನಿಗೆ ಒಮ್ಮೆಗೇ ಮಾರಿಬಿಟ್ಟಿದ್ದ. ಮೊದಲು ನಿಧಾನವಾಗಿ ಮಾರಾಟವಾದ ಪುಸ್ತಕ ಆತ ಸಾಯುವ ವೇಳೆಗೆ ನಾಲ್ಕು ಲಕ್ಷ ಪ್ರತಿಗಳನ್ನು ದಾಟಿತ್ತು. ಮಕ್ಕಳು ಕೆಡುತ್ತಾರೆಂದು ಶಿಕ್ಷಣವೇತ್ತರು ಆಕ್ಷೇಪಿಸಿದರು. 1929ರಷ್ಟು ಈಚೆಗೂ ಆಸ್ಟ್ರಿಯದ ಸ್ಟೈರಿಯ ಪ್ರಾಂತದಲ್ಲಿ ಹದಿನೆಂಟು ತುಂಬದವರಿಗೆ ಅದನ್ನು ಮಾರಕೂಡದೆಂದು ವಿಧಿಸಿದರು. ಅಧ್ಯಾಪಕ ವೃತ್ತಿಯ ನಮಗೆ ಆ ಉಪಾಧ್ಯಾಯರ ಪಾಡು ಕಂಡು ಮರುಕವಾಗಬೇಕು. ಬರುವುದು ಮಾತ್ರ ನಗೆಯೇ. 1897ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ರುಡಾಲ್ಫ್ ಡರ್ಕ್ಸ್ ಆರಂಭಿಸಿದ ‘ಕಾಟ್ಸೆನ್‌ಯಾಮರ್ ಕಿಡ್ಸ್’ ಚಿತ್ರಮಾಲಿಕೆಗೆ ಈ ಇಬ್ಬರು ತುಂಟರೇ ಮೂಲಪುರುಷರು.

1872ರ ‘ಭಕ್ತೆ ಹೆಲೇನ’ ಆತನ ಕೀರ್ತಿಯನ್ನು ಮತ್ತಷ್ಟು ಹರಡಿತು. ಆದರೆ ಬುಷ್ ಜನರ ಗದ್ದಲದಿಂದ ದೂರ ಸರಿದ. ಮದುವೆಯಾಗಲಿಲ್ಲ. ಭಾವ 1878ರಲ್ಲಿ ತೀರಿಕೊಂಡ ಮೇಲೆ ತಂಗಿ ಫ್ಯಾನಿಗೂ ಆಕೆಯ ಮೂವರು ಮಕ್ಕಳಿಗೂ ಆಸರೆಯಾಗಿ ಹುಟ್ಟೂರಿನಲ್ಲೇ ಉಳಿದ. 1884ರಲ್ಲಿ ಕೊನೆಯ ಚಿತ್ರಕಥೆ ಬಂತು. ಅದರ ನಾಯಕ ಕಲೆಯಲ್ಲಿ ಸೋತು ಕಡೆಗೆ ಪಾನಗೃಹದ ಯಜಮಾನನಾಗುವ ಒಬ್ಬ ಚಿತ್ರಕಾರ! ಆತ ನಕ್ಕದ್ದು ತನ್ನನ್ನೇ ನೋಡಿ ಎಂದು ಊಹಿಸಿದರೆ ತಪ್ಪಾಗಲಾರದು. ಇಷ್ಟಾದರೂ ಎಣ್ಣೆಬಣ್ಣವನ್ನು ಆತ ಬಿಟ್ಟಿರಲಿಲ್ಲ. ಹೊಲ, ಹಸು, ಹಳ್ಳಿಗರ ಚಿಕ್ಕಚಿಕ್ಕ ಚಿತ್ರಗಳನ್ನು ಯಾರಿಗೂ ತೋರದೆ ಬರೆಯುತ್ತಲೇ ಇದ್ದ. ಎಷ್ಟನ್ನೋ ತನ್ನ ಕೈಯಾರೆ ಸುಟ್ಟುಹಾಕಿದ. 1908ರ ಜನವರಿ 9ರಂದು ಮೆಖ್ಟ್ಸ್‌ಹೌಸೆನ್ ಎಂಬಲ್ಲಿ ಸೋದರಳಿಯನ ಮನೆಯಲ್ಲಿ ಕಣ್ಣುಮುಚ್ಚಿದ.

1930ರಲ್ಲಿ ಆತನ ಅಭಿಮಾನಿಗಳು ಸಂಘ ಕಟ್ಟಿದರು. 1937ರಲ್ಲಿ ಸಂಗ್ರಹಾಲಯ ತೆರೆದರು. ಯುದ್ಧದಲ್ಲಿ ಆ ಕಟ್ಟಡ ಹಾಳಾದರೂ 1950ರಲ್ಲಿ ಸಂಗ್ರಹಾಲಯ ಈಗಿನ ಅರಮನೆಯಲ್ಲಿ ಮತ್ತೆ ತಲೆಯೆತ್ತಿತು. ಲೋಕವನ್ನು ನಗಿಸಿದ ಗೆರೆಗಳ ಜೊತೆಗೆ, ಬೆಂಕಿಯಿಂದ ಉಳಿದ ವರ್ಣಚಿತ್ರಗಳಿಗೂ ಅಲ್ಲಿ ಗೋಡೆಯ ಮೇಲೆ ಎಡೆ ದೊರೆತಿದೆ. ತಾನು ಅರ್ಹನಲ್ಲವೆಂದು ಬುಷ್ ತನಗೆ ತಾನೇ ನಿರಾಕರಿಸಿಕೊಂಡ ಮನ್ನಣೆಯನ್ನು ಆ ಮನೆ ಆತನಿಗೆ ತಡವಾಗಿಯಾದರೂ ಸಲ್ಲಿಸಿದೆ.